ದಕ್ಷಿಣ ಬೆಂಗಳೂರಿನಲ್ಲಿ ವಿದ್ಯಾರ್ಥಿ ಚಾರಣ: ಒಂದು ಐತಿಹಾಸಿಕ ಅವಲೋಕನ

ಪೀಠಿಕೆ

ಶಿಕ್ಷಣದ ಇತಿಹಾಸವನ್ನು ಬರೆಯುವಾಗ ಶಾಲೆಯ ಕಟ್ಟಡ, ಪಠ್ಯಪುಸ್ತಕ, ಪರೀಕ್ಷಾ ಪದ್ಧತಿ ಹಾಗೂ ಸರಕಾರದ ಆದೇಶಗಳಿಗೆ ದೊರೆಯುವ ಗಮನ, ವಿದ್ಯಾರ್ಥಿಗಳು ಶಾಲೆಯ ಆವರಣದಿಂದ ಹೊರಬಂದು ಕಲಿತ ಪಾಠಗಳಿಗೆ ದೊರೆತಿಲ್ಲ. ಬೆಟ್ಟ ಹತ್ತುವುದು, ಕೆರೆಯ ಏರಿಯ ಮೇಲೆ ನಡೆಯುವುದು, ಹಕ್ಕಿಗಳನ್ನು ಗುರುತಿಸುವುದು ಮೊದಲಾದ ಚಟುವಟಿಕೆಗಳು ದಾಖಲೆಗಳಲ್ಲಿ ‘ಪಠ್ಯೇತರ’ ಎಂಬ ಒಂದೇ ಪದದಲ್ಲಿ ಅಡಗಿಹೋಗಿವೆ. ಆದರೆ ಕಳೆದ ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಬೆಂಗಳೂರಿನ, ಅದರಲ್ಲೂ ಬಸವನಗುಡಿಯಿಂದ ಜಯನಗರ, ಬನಶಂಕರಿ, ಜೆ.ಪಿ. ನಗರ ಹಾಗೂ ಬಿ.ಟಿ.ಎಂ. ಬಡಾವಣೆಗಳವರೆಗೆ ಹಬ್ಬಿದ ದಕ್ಷಿಣ ಭಾಗದ ಶೈಕ್ಷಣಿಕ ಜೀವನದಲ್ಲಿ ಕಾಲ್ನಡಿಗೆಗೆ ತನ್ನದೇ ಆದ ಸ್ಥಾನವಿದೆ. ಅದು ಹೇಗೆ ಬೆಳೆಯಿತು, ಅದರಿಂದ ವಿದ್ಯಾರ್ಥಿಗಳು ಪಡೆದುದೇನು, ಇಂದು ಅದಕ್ಕೆ ಒದಗಿರುವ ತೊಡಕುಗಳಾವುವು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪದ ಮತ್ತು ಪರಂಪರೆ

ಆಂಗ್ಲಭಾಷೆಯ ‘ಟ್ರೆಕಿಂಗ್’ ಹಾಗೂ ‘ಹೈಕಿಂಗ್’ ಪದಗಳಿಗೆ ಸಮಾನವಾಗಿ ಇಂದು ಕನ್ನಡದಲ್ಲಿ ‘ಚಾರಣ’ ಎಂಬ ಪದ ನೆಲೆಗೊಂಡಿದೆ. ಸಂಚಾರ, ವಿಚಾರ, ಆಚಾರ ಎಂಬ ಪದಗಳಿಗೂ ಇದಕ್ಕೂ ಮೂಲವಾದ ಧಾತು ಒಂದೇ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಬಳಕೆಯಲ್ಲಿರುವ ‘ಹೊರಸಂಚಾರ’ ಎಂಬ ಪದವೂ ಇದೇ ಕುಟುಂಬಕ್ಕೆ ಸೇರಿದುದು. ಪದ ಹೊಸತಾದರೂ ನಡೆಯುವ ರೂಢಿ ಹೊಸತಲ್ಲ. ಜಾತ್ರೆಗೆ, ಸಂತೆಗೆ, ನೆಂಟರ ಊರಿಗೆ, ದೇವರ ಬೆಟ್ಟಕ್ಕೆ ಜನ ನಡೆದೇ ಹೋಗುತ್ತಿದ್ದರು. ದನ ಮೇಯಿಸುವ ಹುಡುಗನಿಗೆ ಯಾವ ಗಿಡದ ಎಲೆ ಕಹಿ, ಯಾವ ಹಳ್ಳದಲ್ಲಿ ಬೇಸಗೆಯಲ್ಲಿಯೂ ನೀರಿರುತ್ತದೆ ಎಂಬುದು ತಿಳಿದಿತ್ತು. ಆ ತಿಳಿವಳಿಕೆಯನ್ನು ಯಾರೂ ಶಿಕ್ಷಣವೆಂದು ಕರೆಯಲಿಲ್ಲ.

ಈ ಸಂದರ್ಭದಲ್ಲಿ ಡಾ. ಎಚ್. ನರಸಿಂಹಯ್ಯನವರ (1920-2005) ಬಾಲ್ಯದ ಒಂದು ಪ್ರಸಂಗ ಸ್ಮರಣೀಯವಾಗಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು, 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಲು ತಮ್ಮ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದರು. ಮುಂದೆ ಅದೇ ಸಂಸ್ಥೆಯ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅವರು ಹೆಸರಾದರು. ಅವರ ಆ ನಡಿಗೆ ಚಾರಣವಾಗಿರಲಿಲ್ಲ. ಬಸ್ಸಿನ ದುಡ್ಡಿಲ್ಲದವನ ಅನಿವಾರ್ಯವಾಗಿತ್ತು. ಅನಿವಾರ್ಯವಾಗಿದ್ದ ನಡಿಗೆ ಒಂದೆರಡು ತಲೆಮಾರುಗಳಲ್ಲಿ ಶಾಲೆಯು ಏರ್ಪಡಿಸಿ ಕಲಿಸಬೇಕಾದ ವಿಷಯವಾಗಿ ಮಾರ್ಪಟ್ಟುದೇ ನಮ್ಮ ಇತಿಹಾಸದ ತಿರುಳು. ಮಕ್ಕಳ ದೈನಂದಿನ ಜೀವನದಿಂದ ನಡಿಗೆ ಮರೆಯಾದಷ್ಟೂ ನಡಿಗೆಯ ಸಂಘಗಳು ಹುಟ್ಟಿಕೊಂಡವು ಎಂಬುದನ್ನು ಮುಂದಿನ ವಿವರಗಳಿಂದ ಕಾಣಬಹುದು.

ಹೊರ ಜಗತ್ತಿನ ಹಿನ್ನೆಲೆ

ವಿದ್ಯಾರ್ಥಿಗಳ ಸಂಘಟಿತ ಚಾರಣ ಮೊದಲು ರೂಪುಗೊಂಡುದು ಕೈಗಾರಿಕಾ ನಗರಗಳು ಬೆಳೆದ ಯೂರೋಪಿನಲ್ಲಿ. 1901ರಲ್ಲಿ ಬರ್ಲಿನ್ ನಗರದ ಅಂಚಿನ ಸ್ಟೆಗ್ಲಿಟ್ಸ್ ಎಂಬಲ್ಲಿ ಪ್ರೌಢಶಾಲೆಯ ಹುಡುಗರ ನಡುವೆ ‘ವಾಂಡರ್‌ಫೋಗಲ್’ ಎಂಬ ಸಂಘ ಸ್ಥಾಪನೆಯಾಯಿತು. ‘ಅಲೆಮಾರಿ ಹಕ್ಕಿ’ ಎಂಬುದು ಆ ಹೆಸರಿನ ಅರ್ಥ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ರಾಬರ್ಟ್ ಬೇಡನ್ ಪೊವೆಲ್ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಮೊಳೆಯಿತು. 1909ರಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ ತನ್ನ ವಿದ್ಯಾರ್ಥಿಗಳೊಡನೆ ನಡೆದು ಹೋಗುತ್ತಿದ್ದಾಗ ಗುಡುಗು ಮಳೆಗೆ ಸಿಕ್ಕು ಹಳ್ಳಿಯೊಂದರ ಶಾಲೆಯಲ್ಲಿ ರಾತ್ರಿ ಕಳೆದನು. ರಜೆಯಲ್ಲಿ ಬರಿದಾಗಿರುವ ಶಾಲೆಗಳೇ ನಡೆಯುವ ಮಕ್ಕಳಿಗೆ ತಂಗುದಾಣಗಳಾಗಬಹುದಲ್ಲವೆ ಎಂದು ಆತನಿಗೆ ಹೊಳೆದ ಆಲೋಚನೆಯಿಂದ ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿತು. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಇಂತಹ ಮೊದಲ ಶಾಶ್ವತ ತಂಗುದಾಣ ತೆರೆಯಿತು.

ಬೆಂಗಳೂರಿನಲ್ಲಿ ಸ್ಕೌಟ್ ಚಳವಳಿ

ಅದೇ 1909ರಲ್ಲಿ ಭಾರತದ ಮೊದಲ ಸ್ಕೌಟ್ ತಂಡ ಬೆಂಗಳೂರಿನಲ್ಲಿ ಆರಂಭವಾಯಿತೆಂಬುದು ನಮ್ಮ ನಗರದ ಮಟ್ಟಿಗೆ ಗಮನಾರ್ಹ ಸಂಗತಿ. ಕ್ಯಾಪ್ಟನ್ ಟಿ.ಎಚ್. ಬೇಕರ್ ದಂಡು ಪ್ರದೇಶದಲ್ಲಿ ಈ ತಂಡವನ್ನು ಕಟ್ಟಿದನು. ಆದರೆ ಆರಂಭದ ವರ್ಷಗಳಲ್ಲಿ ಈ ತಂಡಗಳ ಬಾಗಿಲು ಐರೋಪ್ಯ ಹಾಗೂ ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ ತೆರೆದಿತ್ತು. ನಗರದ ಒಂದು ಭಾಗದ ಮಕ್ಕಳಿಗೆ ಬಯಲು, ಬೆಟ್ಟಗಳು ಶಿಕ್ಷಣದ ಭಾಗವಾದಾಗ, ಪೇಟೆ ಹಾಗೂ ಬಸವನಗುಡಿಯ ಭಾರತೀಯ ಮಕ್ಕಳು ಅದರಿಂದ ಹೊರಗುಳಿದರು. ಇದಕ್ಕೆ ಉತ್ತರವಾಗಿ ಉತ್ತರ ಭಾರತದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜರು ಹಾಗೂ ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿ ಸ್ಕೌಟ್ ಸಂಘವನ್ನು ಕಟ್ಟಿದರು. ಮದರಾಸಿನಲ್ಲಿ ಡಾ. ಆನಿ ಬೆಸೆಂಟ್ ಅವರು ಭಾರತೀಯ ಬಾಲಕರಿಗಾಗಿಯೇ ಪ್ರತ್ಯೇಕ ಸಂಘವನ್ನು ಸ್ಥಾಪಿಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಮೂಲ ಸಂಸ್ಥೆಯೊಡನೆ ಒಂದಾಯಿತು.

ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದಲೇ 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಪರೀಕ್ಷೆಯೊಂದೇ ಶಿಕ್ಷಣದ ಗುರಿಯಲ್ಲ. ದೇಹ, ಶೀಲ ಮತ್ತು ದೇಶಪ್ರಜ್ಞೆಗಳೂ ಬೆಳೆಯಬೇಕು ಎಂಬ ಆ ಕಾಲದ ನಂಬಿಕೆಗೂ ಸ್ಕೌಟ್ ಶಿಬಿರಗಳ ಶಿಸ್ತಿಗೂ ಹೊಂದಾಣಿಕೆಯಿತ್ತು. ವಸಾಹತು ದೊರೆಗಳಿಂದ ಬಂದ ಒಂದು ಪದ್ಧತಿ ಹೀಗೆ ದೇಶೀಯರ ಕೈಯಲ್ಲಿ ಬೇರೆ ಅರ್ಥ ಪಡೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಆಂಗ್ಲ ಸೈನಿಕರ ಬಾಯಲ್ಲಿದ್ದ ‘ಟಿಪ್ಪರರಿ’ ನಡೆಗೀತೆಯನ್ನು ಟಿ.ಪಿ. ಕೈಲಾಸಂ ಅವರು ‘ತಿಪ್ಪಾರಳ್ಳಿ’ಯ ಹಾಡಾಗಿ ಕನ್ನಡಕ್ಕೆ ಒಗ್ಗಿಸಿದುದು ಈ ಮಾರ್ಪಾಟಿಗೆ ಒಂದು ಸೊಗಸಾದ ನಿದರ್ಶನ.

ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ವಿವಿಧ ಸಂಘಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ರೂಪುಗೊಂಡಿತು. 1951ರ ಆಗಸ್ಟ್ 15ರಂದು ಬಾಲಕಿಯರ ಗೈಡ್ಸ್ ಸಂಘವೂ ಅದರಲ್ಲಿ ಸೇರಿತು. ಕರ್ನಾಟಕದಲ್ಲಿ ಈ ಚಳವಳಿಯನ್ನು ಹಳ್ಳಿಗಾಡಿನವರೆಗೆ ವಿಸ್ತರಿಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ಮುಖ್ಯವಾದುದು. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂಬ ಹಂತಗಳಲ್ಲಿ ಬಾಲಕ ಬಾಲಕಿಯರು ದಿಕ್ಸೂಚಿ ನೋಡುವುದು, ನಕ್ಷೆ ಓದುವುದು, ದಾರಿಯ ಗುರುತುಗಳನ್ನು ಹಿಡಿದು ಸಾಗುವುದು, ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಬಯಲಿನಲ್ಲಿ ಅಡುಗೆ ಮಾಡುವುದು ಮುಂತಾದುವನ್ನು ಕಲಿಯುತ್ತಾರೆ. ಇವುಗಳಲ್ಲಿ ಅನೇಕವನ್ನು ಪಠ್ಯಪುಸ್ತಕದಿಂದ ಕಲಿಸಲು ಬರುವುದಿಲ್ಲ. ಹೆಣ್ಣುಮಕ್ಕಳು ಮನೆಯಿಂದ ದೂರ, ಓರಗೆಯವರೊಡನೆ ಬಯಲಿನಲ್ಲಿ ನಡೆದು ರಾತ್ರಿ ತಂಗುವ ಅವಕಾಶ ಅನೇಕ ಕುಟುಂಬಗಳಲ್ಲಿ ಮೊದಲು ದೊರೆತುದು ಗೈಡ್ಸ್ ಶಿಬಿರಗಳ ಮೂಲಕವೇ ಎನ್ನಬಹುದು.

ಬಡಾವಣೆಗಳ ಬೆಳವಣಿಗೆ ಮತ್ತು ನಡೆಯುವ ನೆಲ

1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಅಶೋಕ ಸ್ತಂಭ ಇಂದಿಗೂ ಅದಕ್ಕೆ ಸಾಕ್ಷಿಯಾಗಿದೆ. ಆಗ ಲಾಲ್‌ಬಾಗಿನ ದಕ್ಷಿಣಕ್ಕೆ ಹೊಲ, ತೋಪು, ಕೆರೆಗಳಿಂದ ಕೂಡಿದ ಹಳ್ಳಿಗಳಿದ್ದವು. ಆ ಹಳ್ಳಿಗಳ ನೆನಪು ಹೆಸರುಗಳಲ್ಲಿ ಉಳಿದಿದೆ. ಬಿ.ಟಿ.ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಸೂಚಿಸುತ್ತವೆ. ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಯಡಿಯೂರು, ಕತ್ರಿಗುಪ್ಪೆ ಇವೆಲ್ಲ ಬಡಾವಣೆಗಳ ಒಳಗೆ ಸೇರಿಹೋದ ಹಳ್ಳಿಗಳೇ. 1951ರ ಜನಗಣತಿಯಲ್ಲಿ ಸುಮಾರು 7.8 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2011ರ ವೇಳೆಗೆ ಸುಮಾರು 84 ಲಕ್ಷಕ್ಕೆ ಏರಿತು. ಹಿಂದೆ ಮನೆಯ ಹಿತ್ತಿಲಿನಿಂದಲೇ ಆರಂಭವಾಗುತ್ತಿದ್ದ ಬಯಲು, ಈಗ ವಾಹನದಲ್ಲಿ ಹೋಗಿ ತಲುಪಬೇಕಾದ ಸ್ಥಳವಾಯಿತು.

ಇಷ್ಟಾದರೂ ದಕ್ಷಿಣ ಬೆಂಗಳೂರಿನ ಶಾಲೆಗಳಿಗೆ ಬೇರೆ ನಗರಗಳಿಗಿಲ್ಲದ ಒಂದು ಸೌಲಭ್ಯವಿದೆ. ಇಲ್ಲಿಯ ಭೂಮಿಯೇ ಒಂದು ಪಠ್ಯ. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗಡಿಗೋಪುರವನ್ನು ಹೊತ್ತು ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಇಂತಹ ಶಿಲೆಗಳಿಗೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನು ನೀಡಿದನು. ಇಂದು ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆಂದು ಜನ ನಂಬುವ ವೃಷಭಾವತಿ ಪಶ್ಚಿಮಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಮಡಿವಾಳ ಕೆರೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ಒಂದು ಮುಂಜಾನೆಯ ನಡಿಗೆಯಲ್ಲಿ ವಿದ್ಯಾರ್ಥಿಯು ಎರಡು ನದಿಗಳ ನೀರು ಬೇರ್ಪಡುವ ದಿಣ್ಣೆಯನ್ನು ದಾಟಬಹುದು. ಭೂಗೋಳದ ಪುಸ್ತಕದಲ್ಲಿ ‘ಜಲವಿಭಾಜಕ’ ಎಂಬ ಪದವನ್ನು ಕಂಠಪಾಠ ಮಾಡಿದವನಿಗೂ ಹೀಗೆ ಅದನ್ನು ದಾಟಿದವನಿಗೂ ವ್ಯತ್ಯಾಸವಿದೆ.

ಇನ್ನೂ ದಕ್ಷಿಣಕ್ಕೆ ಹೋದರೆ ಬನಶಂಕರಿ ಆರನೆಯ ಹಂತದ ಮಗ್ಗುಲಲ್ಲಿ ತುರಹಳ್ಳಿಯ ಕಿರು ಅರಣ್ಯ ಹಾಗೂ ಗುಂಡುಕಲ್ಲುಗಳಿವೆ. ಕನಕಪುರ ರಸ್ತೆಯ ಆಚೆ, ಬನ್ನೇರುಘಟ್ಟದಲ್ಲಿ 1974ರಲ್ಲಿ ರಚನೆಯಾದ ರಾಷ್ಟ್ರೀಯ ಉದ್ಯಾನವಿದೆ. ಮಾಗಡಿ ಸೀಮೆಯ 1226 ಮೀಟರ್ ಎತ್ತರದ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳು ಒಂದು ದಿನದ ಚಾರಣಕ್ಕೆ ದೊರೆಯುತ್ತವೆ. ಒಂದು ಶಾಲೆ ಮೊದಲ ವರ್ಷ ಲಾಲ್‌ಬಾಗು, ಎರಡನೆಯ ವರ್ಷ ಕೆರೆಯ ಏರಿ, ಮೂರನೆಯ ವರ್ಷ ತುರಹಳ್ಳಿ, ಆಮೇಲೆ ಸಾವನದುರ್ಗ ಎಂದು ಕ್ರಮವಾಗಿ ಮೆಟ್ಟಿಲು ಹತ್ತಿಸುವಂತೆ ಪ್ರಕೃತಿಯೇ ಪಾಠಕ್ರಮವನ್ನು ಹಾಕಿಕೊಟ್ಟಂತಿದೆ.

ಸಸ್ಯ, ಹಕ್ಕಿ ಮತ್ತು ಮಾತೃಭಾಷೆ

ಸ್ಕೌಟ್ ಪರಂಪರೆಯಲ್ಲಿ ಶಿಸ್ತು ಮತ್ತು ಸೇವೆಗೆ ಪ್ರಾಧಾನ್ಯವಿದ್ದರೆ, ಎರಡನೆಯ ಪರಂಪರೆಯೊಂದು ವೀಕ್ಷಣೆಗೆ ಒತ್ತು ನೀಡಿತು. ಇದಕ್ಕೆ ಕನ್ನಡದಲ್ಲಿ ಶ್ರೇಷ್ಠ ಸಾಕ್ಷಿ ಡಾ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಬೆಂಗಳೂರಿನಲ್ಲಿ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಸ್ವಾಮಿಯವರು, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅದರಲ್ಲಿ ನಿರೂಪಿಸಿದ್ದಾರೆ. 1978ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆಯಿತು. ಗುರುಶಿಷ್ಯರ ಕಾಡಿನ ತಿರುಗಾಟವೊಂದು ನಾಡಿನ ಉತ್ತಮ ಸಾಹಿತ್ಯವಾಗಿ ಮನ್ನಣೆ ಪಡೆದುದು ಅಪರೂಪದ ಘಟನೆ. ಅದಕ್ಕೂ ಹಿಂದೆ ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು ನಡೆಸಿದ ಶಿಕ್ಷಣ ಪ್ರಯೋಗಗಳೂ ಮಕ್ಕಳನ್ನು ನಾಲ್ಕು ಗೋಡೆಗಳಿಂದ ಹೊರತರುವ ಆಶಯವನ್ನೇ ಹೊಂದಿದ್ದವು.

ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಜೋಸೆಫ್ ಜಾರ್ಜ್, ಜಫರ್ ಫತೇಹಲಿ ಮೊದಲಾದವರ ಆಸಕ್ತಿಯಿಂದ ಪಕ್ಷಿವೀಕ್ಷಕರ ಸಂಘ ಬೆಳೆಯಿತು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರಿ ಹಕ್ಕಿ ನೋಡುವ ವಾಡಿಕೆ ಹಲವು ದಶಕ ನಡೆದುಬಂದಿದೆ. ಇಂತಹ ಕೂಟಗಳಲ್ಲಿ ಪ್ರವೇಶ ಶುಲ್ಕವಾಗಲಿ, ಪರೀಕ್ಷೆಯಾಗಲಿ ಇರಲಿಲ್ಲ. ಶಾಲಾ ಬಾಲಕನೊಬ್ಬ ನಿವೃತ್ತ ವಿಜ್ಞಾನಿಯ ಪಕ್ಕದಲ್ಲಿ ನಿಂತು ಒಂದೇ ದುರ್ಬೀನಿನಲ್ಲಿ ಒಂದೇ ಹಕ್ಕಿಯನ್ನು ನೋಡಬಹುದಿತ್ತು. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಕೂಡ ಪ್ರಶ್ನಿಸುವ, ಸ್ವತಃ ಪರೀಕ್ಷಿಸುವ ಮನೋಭಾವವನ್ನು ಈ ಭಾಗದಲ್ಲಿ ಪೋಷಿಸಿತು. ಕಣ್ಣಾರೆ ಕಂಡುದನ್ನು ಬರೆದಿಡಬೇಕು ಎಂಬ ನಿಯಮ ವಿಜ್ಞಾನಕ್ಕೂ ಚಾರಣಕ್ಕೂ ಸಮಾನವಾದುದು. 1978ರಲ್ಲಿ ಕನಕಪುರ ರಸ್ತೆಯಲ್ಲಿ ಜೆ. ಕೃಷ್ಣಮೂರ್ತಿಯವರ ಚಿಂತನೆಯ ಆಧಾರದ ಮೇಲೆ ಆರಂಭವಾದ ವ್ಯಾಲಿ ಸ್ಕೂಲ್ ಮರಗಿಡಗಳ ನಡುವಿನ ವಿಶಾಲ ಆವರಣವನ್ನೇ ಶಿಕ್ಷಣದ ಅಂಗವಾಗಿಸಿಕೊಂಡಿತು.

ಆದೇಶಗಳ ಕಾಲ

1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯ ವಿಷಯವಾಗಿಸುವಂತೆ ನಿರ್ದೇಶಿಸಿತು. 2001-02ರಲ್ಲಿ ಕೇಂದ್ರ ಪರಿಸರ ಮಂತ್ರಾಲಯದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಆರಂಭವಾದವು. ಕರ್ನಾಟಕ ಅರಣ್ಯ ಇಲಾಖೆ ‘ಚಿಣ್ಣರ ವನ ದರ್ಶನ’ದ ಮೂಲಕ ಸರಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕೆಲಸವನ್ನು ಕೈಗೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಗಳಲ್ಲಿ ಹತ್ತು ದಿನಗಳ ಬ್ಯಾಗ್ ರಹಿತ ಅವಧಿಯನ್ನು ಸೂಚಿಸಿತು. ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ಪರಿಸರವು ಅಂಕಗಳ ವಿಷಯವಾದಾಗ ಅದು ಮತ್ತೆ ಪುಸ್ತಕದೊಳಕ್ಕೆ ಸೇರುವ ಅಪಾಯವಿದೆ. ಮಾರುಕಟ್ಟೆಯಲ್ಲಿ ಕೊಂಡ ಚಿತ್ರಪಟವನ್ನು ಅಂಟಿಸಿ ‘ಯೋಜನೆ’ ಒಪ್ಪಿಸುವ ಪದ್ಧತಿ ಎಲ್ಲರಿಗೂ ಪರಿಚಿತ. ಆದೇಶವು ಅವಕಾಶವನ್ನು ಮಾತ್ರ ಒದಗಿಸುತ್ತದೆ. ಮಕ್ಕಳೊಡನೆ ಮುಂಜಾನೆ ಎದ್ದು ನಡೆಯಲು ಸಿದ್ಧನಾದ ಶಿಕ್ಷಕನಿಲ್ಲದೆ ಸಂಘವು ನಡೆಯಲಾರದು.

ವಿದ್ಯಾರ್ಥಿಗಳು ಪಡೆಯುವುದೇನು?

ಚಾರಣದ ಪ್ರಯೋಜನವನ್ನು ಕುರಿತು ಅತಿಶಯೋಕ್ತಿಯ ಮಾತುಗಳು ಬಹಳ. ಖಚಿತವಾಗಿ ಹೇಳಬಹುದಾದುವನ್ನು ಮಾತ್ರ ಇಲ್ಲಿ ಗಮನಿಸೋಣ.

ಮೊದಲನೆಯದು ದೇಹಕ್ಕೆ ಸಂಬಂಧಿಸಿದುದು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಾಂಗಣದಲ್ಲಿ ಕಳೆದ ಮಕ್ಕಳಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಶೇ. 30.4ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಕಾಣಿಸಿಕೊಂಡರೆ, ಉಳಿದವರಲ್ಲಿ ಅದು ಶೇ. 39.5ರಷ್ಟಿತ್ತು. ಬೆಟ್ಟವನ್ನೇ ಹತ್ತಬೇಕೆಂದಿಲ್ಲ, ಹಗಲು ಬೆಳಕಿನಲ್ಲಿ ಹೊರಗಿದ್ದರೂ ಕಣ್ಣಿಗೆ ಲಾಭವಿದೆ ಎಂಬುದು ಇದರಿಂದ ತಿಳಿಯುತ್ತದೆ. ಮೊಬೈಲ್ ಪರದೆಯ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಎರಡನೆಯದು ಬುದ್ಧಿಗೆ ಸಂಬಂಧಿಸಿದುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತಿರುವಾಗಿಗಿಂತ ನಡೆಯುವಾಗ ಹೊಸ ಆಲೋಚನೆಗಳು ಹೆಚ್ಚಾಗಿ ಹೊಮ್ಮುವುದು ಕಂಡುಬಂದಿತು. ಇದಕ್ಕೂ ಮಿಗಿಲಾದುದು ಅಂದಾಜು ಮಾಡುವ ಶಕ್ತಿ. ಎದುರಿನ ಬಂಡೆ ಎಷ್ಟು ದೂರ, ಅದನ್ನು ಹತ್ತಲು ಎಷ್ಟು ಹೊತ್ತು, ಇರುವ ನೀರು ಎಷ್ಟು ಜನಕ್ಕೆ ಸಾಕು ಎಂಬ ಲೆಕ್ಕಗಳಿಗೆ ಪುಸ್ತಕದ ಹಿಂಬದಿಯಲ್ಲಿ ಉತ್ತರವಿರುವುದಿಲ್ಲ. ತಪ್ಪಿದರೆ ದಣಿವು, ಬಾಯಾರಿಕೆಗಳೇ ತಿದ್ದುತ್ತವೆ.

ಮೂರನೆಯದು ಸಾಮಾಜಿಕವಾದುದು. ಸಾಲಿನಲ್ಲಿ ನಡೆಯುವಾಗ ತಂಡದ ವೇಗವನ್ನು ನಿರ್ಧರಿಸಬೇಕಾದವನು ಎಲ್ಲರಿಗಿಂತ ನಿಧಾನವಾಗಿ ನಡೆಯುವವನು. ತರಗತಿಯ ಶ್ರೇಯಾಂಕವು ವೇಗವಂತನನ್ನು ಮುಂದಿಡುತ್ತದೆ; ಬೆಟ್ಟದ ದಾರಿ ಹಿಂದುಳಿದವನನ್ನು ಕಾಯುವುದನ್ನು ಕಲಿಸುತ್ತದೆ. ತರಗತಿಯಲ್ಲಿ ಮೌನಿಯಾದ ಹಳ್ಳಿಯ ಮೂಲದ ಹುಡುಗಿ ಗಿಡವೊಂದರ ಹೆಸರು ಹೇಳಿ ಎಲ್ಲರ ಗುರುವಾಗುವ ಸಂದರ್ಭವೂ ಅಲ್ಲಿಯೇ ಒದಗುತ್ತದೆ. ಲಕ್ಕಿ, ತಂಗಡಿ, ಹೊಂಗೆ, ಬಂದರೆ, ಕಾರೆ ಎಂಬ ಹೆಸರುಗಳು ನಗರದ ಮಕ್ಕಳ ಕನ್ನಡದಿಂದ ಕಳಚಿಹೋಗುತ್ತಿರುವಾಗ, ಚಾರಣವು ಭಾಷೆಯನ್ನೂ ಉಳಿಸುವ ಕೆಲಸ ಮಾಡುತ್ತದೆ.

ನೆಲದ ಪ್ರಶ್ನೆ

ಈ ಎಲ್ಲ ಲಾಭಗಳೂ ನಡೆಯಲು ನೆಲವಿದ್ದರೆ ಮಾತ್ರ. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವ ಬಂದಾಗ, ಕಾಡನ್ನು ಕಾಡಾಗಿಯೇ ಬಿಡಬೇಕೆಂದು ಸುತ್ತಮುತ್ತಲಿನ ನಿವಾಸಿಗಳು, ಚಾರಣಿಗರು, ಹಕ್ಕಿಪ್ರಿಯರು ಪ್ರತಿಭಟಿಸಿದರು. ಹುಲ್ಲುಹಾಸು, ಬೆಂಚು, ಕಾಂಕ್ರೀಟಿನ ಕಾಲುದಾರಿಗಳಿರುವ ಉದ್ಯಾನ ನಗರದಲ್ಲಿ ಬೇಕಾದಷ್ಟಿದೆ, ಕುರುಚಲು ಕಾಡು ಮಾತ್ರ ಇಲ್ಲಿ ಉಳಿದಿದೆ ಎಂಬ ಅವರ ವಾದದಲ್ಲಿ ಶೈಕ್ಷಣಿಕ ಸತ್ಯವೂ ಅಡಗಿತ್ತು. ಅದೇ ವರ್ಷದ ಜನವರಿಯಲ್ಲಿ ಮೆಟ್ರೋ ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡು ಆ ಕಾಡು ಜಯನಗರದ ಮಕ್ಕಳಿಗೆ ಇನ್ನೂ ಹತ್ತಿರವಾಯಿತು. ತಲುಪುವ ದಾರಿ ಸುಗಮವಾದಾಗಲೇ ತಲುಪಬೇಕಾದ ಸ್ಥಳ ಅಪಾಯಕ್ಕೆ ಸಿಲುಕುವುದು ನಗರಗಳ ಇತಿಹಾಸದಲ್ಲಿ ಮರುಕಳಿಸುವ ವಿಪರ್ಯಾಸ.

ಕೆರೆಗಳ ವಿಷಯದಲ್ಲಿ ಆಶಾದಾಯಕ ನಿದರ್ಶನಗಳಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ನೆರೆಹೊರೆಯ ನಾಗರಿಕರು 2010ರಲ್ಲಿ ನ್ಯಾಸವೊಂದನ್ನು ರಚಿಸಿಕೊಂಡರು. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವುಗೊಂಡಿತು. ಇನ್ನೊಂದೆಡೆ, ಚಾರಣದ ಜನಪ್ರಿಯತೆಯೇ ಹೊರೆಯಾಗುವುದೂ ಉಂಟು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಮಿತಿಮೀರಿ ಜನ ನುಗ್ಗಿದಾಗ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಕಡೆಗಳಲ್ಲಿ ಚಾರಣವನ್ನು ರಾಜ್ಯ ಸರಕಾರ ತಾತ್ಕಾಲಿಕವಾಗಿ ನಿರ್ಬಂಧಿಸಿತು. ಬನ್ನೇರುಘಟ್ಟದಂತಹ ಆನೆಗಳ ನೆಲೆಯಲ್ಲಿ ಅರಣ್ಯ ಇಲಾಖೆಯ ಅನುಮತಿ, ಮಾರ್ಗದರ್ಶಕರ ನೆರವು ಅನಿವಾರ್ಯ. ನೆಲವನ್ನು ನೋಯಿಸದೆ ನಡೆಯುವುದನ್ನು ಎಳೆಯ ವಯಸ್ಸಿನಲ್ಲಿ ಕಲಿಸುವ ಶಾಲಾ ಸಂಘವೇ ಇಂತಹ ನೂಕುನುಗ್ಗಲಿಗೆ ದೀರ್ಘಕಾಲದ ಪರಿಹಾರವೆಂಬುದನ್ನು ಆಡಳಿತ ಗಮನಿಸಬೇಕಾಗಿದೆ.

ಉಪಸಂಹಾರ

1909ರ ದಂಡು ಪ್ರದೇಶದ ಸ್ಕೌಟ್ ತಂಡದಿಂದ ಇಂದಿನ ಇಕೋ ಕ್ಲಬ್‌ಗಳವರೆಗಿನ ಈ ಇತಿಹಾಸದಲ್ಲಿ ಒಂದು ಪ್ರಶ್ನೆ ಮರಳಿ ಮರಳಿ ಎದುರಾಗುತ್ತದೆ: ಬಯಲು ಯಾರಿಗೆ ಸೇರಿದ್ದು? ಅಂದು ಬಣ್ಣದ ಕಾರಣಕ್ಕೆ ಹೊರಗುಳಿದ ಮಕ್ಕಳಿದ್ದರು. ಇಂದು ದುಬಾರಿ ಶುಲ್ಕದ ಶಾಲೆಯ ಮಗು ಬಸ್ಸಿನಲ್ಲಿ ಸಾಹಸ ಶಿಬಿರಕ್ಕೆ ಹೋಗುವಾಗ, ಅದೇ ಬಡಾವಣೆಯ ಸರಕಾರಿ ಶಾಲೆಯ ಮಗು ಪಕ್ಕದ ಕೆರೆಯ ಏರಿಯನ್ನೂ ಕಾಣದೆ ಉಳಿಯುವ ಸ್ಥಿತಿಯಿದೆ. ಪಕ್ಕದ ಕೆರೆಗೆ, ಲಾಲ್‌ಬಾಗಿನ ಬಂಡೆಗೆ, ತುರಹಳ್ಳಿಯ ಗುಡ್ಡಕ್ಕೆ ಮಕ್ಕಳನ್ನು ಕರೆದೊಯ್ಯಲು ಹೆಚ್ಚಿನ ಹಣ ಬೇಡ. ಒಬ್ಬ ಶಿಕ್ಷಕಿ, ಒಂದು ಶನಿವಾರದ ಮುಂಜಾನೆ, ನೀರಿನ ಬಾಟಲಿ, ಒಂದು ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ಹೊಸೂರಿನಿಂದ ನಡೆದು ಬಂದ ಬಾಲಕನಿಗೆ ಬಸವನಗುಡಿಯ ಶಾಲೆ ಬಾಗಿಲು ತೆರೆಯಿತು. ಈಗ ಶಾಲೆಯ ಬಾಗಿಲಿನಿಂದ ಹೊರಕ್ಕೆ ನಡೆಯುವ ದಾರಿಯನ್ನು ಎಲ್ಲ ಮಕ್ಕಳಿಗೂ ತೆರೆದಿಡಬೇಕಾದ ಹೊಣೆ ನಮ್ಮ ತಲೆಮಾರಿನದು.